ವಿದ್ಯುತ್ತಿನ ಕಾಳನ್ನು ಅಳೆದ ಉಪಾಧ್ಯಾಯ: ರಾಬರ್ಟ್ ಆಂಡ್ರೂಸ್ ಮಿಲಿಕನ್

ಧನಗೆರೆಯ ಸೀಮೆಯವರಿಗೆ ಶಿವನಸಮುದ್ರವನ್ನು ಹೊಸದಾಗಿ ಪರಿಚಯಿಸಬೇಕಾದುದಿಲ್ಲ. ಕಾವೇರಿಯು ಇಬ್ಭಾಗವಾಗಿ ಗಗನಚುಕ್ಕಿ, ಭರಚುಕ್ಕಿಗಳೆಂದು ಧುಮುಕುವ ಆ ಎಡೆಯಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ವಿದ್ಯುದಾಗಾರವು 1902ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿ ಹುಟ್ಟಿದ ಶಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ನಿದರ್ಶನಗಳು ಅಂದು ಜಗತ್ತಿನಲ್ಲಿಯೇ ವಿರಳವಾಗಿದ್ದುವು. ಆದರೆ ಆ ತಂತಿಯಲ್ಲಿ ಹರಿಯುತ್ತಿದ್ದುದು ತತ್ತ್ವತಃ ಎಂತಹ ವಸ್ತು ಎಂಬುದು ಆಗ ಇನ್ನೂ ಪೂರ್ತಿ ನಿರ್ಣಯವಾಗಿರಲಿಲ್ಲ. ಅದು ನೀರಿನಂತೆ ಎಷ್ಟು ಬೇಕಾದರೂ ಸಣ್ಣದಾಗಿ ಒಡೆಯಬಹುದಾದ ಅಖಂಡ ಪ್ರವಾಹವೋ, ಅಥವಾ ರಾಗಿಯ ರಾಶಿಯಂತೆ ಒಡೆಯಲಾಗದ ಕಾಳುಗಳ ಸಮೂಹವೋ? ಕಾಳುಗಳೇ ಆಗಿದ್ದರೆ ಎಲ್ಲ ಕಾಳುಗಳೂ ಸಮಾನವೋ? ಒಂದೊಂದರ ಪ್ರಮಾಣವೆಷ್ಟು? ಈ ಪ್ರಶ್ನೆಗಳಿಗೆ ಸಂಶಯಾತೀತವಾದ ಉತ್ತರವನ್ನು ಕೊಟ್ಟ ಮಹನೀಯರು ಅಮೆರಿಕದ ರಾಬರ್ಟ್ ಆಂಡ್ರೂಸ್ ಮಿಲಿಕನ್ನರು. ಅವರು ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಮ್ಮ ಬೆಂಗಳೂರಿಗೂ ಬಂದು, ಇಲ್ಲಿಯ ಆಕಾಶಕ್ಕೆ ಬಲೂನುಗಳನ್ನು ಹಾರಿಬಿಟ್ಟು ಸಂಶೋಧನೆ ನಡೆಸಿದವರೆಂಬುದನ್ನು ಬಲ್ಲವರು ಕಡಮೆ. ಅವರ ಜೀವಿತವು ಶಿಕ್ಷಕರೂ ಶಿಷ್ಯರೂ ದಾನಿಗಳೂ ಒಟ್ಟಿಗೆ ಮನನ ಮಾಡತಕ್ಕ ಹಲವು ಸಂಗತಿಗಳಿಂದ ಕೂಡಿದೆ.

ಮಿಲಿಕನ್ನರು 1868ನೆಯ ಇಸವಿ ಮಾರ್ಚಿ 22ರಂದು ಇಲಿನಾಯ್ ಸಂಸ್ಥಾನದ ಮಾರಿಸನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸೈಲಸ್ ಮಿಲಿಕನ್ ಕ್ರೈಸ್ತ ಧರ್ಮೋಪದೇಶಕರು. ತಾಯಿ ಮೇರಿ ಜೇನ್ ಆಂಡ್ರೂಸ್ ವಿದ್ಯಾವತಿ. ವಿವಾಹಪೂರ್ವದಲ್ಲಿ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರ ಮೇಲ್ವಿಚಾರಕಿಯಾಗಿದ್ದವರು. ಆರು ಮಕ್ಕಳ ಆ ಸಂಸಾರವು ಅಯೋವ ಸಂಸ್ಥಾನದ ಮಕೋಕೆಟ ಎಂಬ ಸಣ್ಣ ಪಟ್ಟಣದಲ್ಲಿ ನೆಲಸಿತು. ಧರ್ಮೋಪದೇಶಕರ ಅಲ್ಪ ವರಮಾನದಲ್ಲಿ ಮಕ್ಕಳನ್ನು ಓದಿಸುವುದು ಸುಲಭದ ಮಾತಾಗಿರಲಿಲ್ಲ. ಪ್ರೌಢಶಾಲೆಯನ್ನು ಮುಗಿಸಿದ ತರುಣ ರಾಬರ್ಟ್ ಸ್ವಲ್ಪಕಾಲ ನ್ಯಾಯಾಲಯದಲ್ಲಿ ನಡವಳಿಗಳನ್ನು ಬರೆದುಕೊಳ್ಳುವ ಕೆಲಸ ಮಾಡಿ, 1886ರಲ್ಲಿ ಓಬರ್ಲಿನ್ ಕಾಲೇಜನ್ನು ಸೇರಿದರು.

ಅಲ್ಲಿ ಅವರಿಗೆ ಪ್ರಿಯವಾಗಿದ್ದ ವಿಷಯಗಳು ಗ್ರೀಕ್ ಭಾಷೆ ಮತ್ತು ಗಣಿತ. ಭೌತವಿಜ್ಞಾನವು ಅವರ ಮನಸ್ಸನ್ನು ಅಷ್ಟಾಗಿ ಸೆಳೆದಿರಲಿಲ್ಲ. ಎರಡನೆಯ ವರ್ಷದ ಕೊನೆಯಲ್ಲಿ ಗ್ರೀಕ್ ಪ್ರಾಧ್ಯಾಪಕರು ಅವರನ್ನು ಕರೆದು, ಕಾಲೇಜಿಗೆ ಸೇರಿದ ಪೂರ್ವಸಿದ್ಧತೆಯ ಶಾಲೆಯಲ್ಲಿ ಭೌತವಿಜ್ಞಾನವನ್ನು ಬೋಧಿಸಬೇಕೆಂದು ಸೂಚಿಸಿದರು. ತಮಗೆ ಆ ಶಾಸ್ತ್ರದ ಗಂಧವೇ ಇಲ್ಲವೆಂದು ಶಿಷ್ಯನು ಅರಿಕೆ ಮಾಡಿಕೊಂಡಾಗ, ಗ್ರೀಕ್ ವ್ಯಾಕರಣವನ್ನು ಚೆನ್ನಾಗಿ ಅರಗಿಸಿಕೊಂಡವನು ಭೌತವಿಜ್ಞಾನವನ್ನೂ ಕಲಿಸಬಲ್ಲನೆಂದು ಗುರುಗಳು ಸಮಾಧಾನ ಹೇಳಿದರಂತೆ. ವ್ಯಾಕರಣವನ್ನು ನಂಬಿ ಬಾಳುವ ನಮ್ಮಂಥವರಿಗೆ ಈ ಮಾತು ಸಂತೋಷವನ್ನು ತರುವುದು ಸಹಜ. ಆ ಬೇಸಗೆಯ ರಜೆಯಲ್ಲಿ ಮಿಲಿಕನ್ನರು ಪಠ್ಯಪುಸ್ತಕವೊಂದನ್ನು ಹಿಡಿದು ಅದರಲ್ಲಿನ ಲೆಕ್ಕಗಳನ್ನೆಲ್ಲ ತಾವೇ ಬಿಡಿಸಿದರು, ಕಲಿಸುವುದಕ್ಕೋಸ್ಕರ ಕಲಿತರು. 1891ರಲ್ಲಿ ಪದವಿಯನ್ನು ಪಡೆದ ಮೇಲೆಯೂ ಎರಡು ವರ್ಷ ಅಲ್ಲಿಯೇ ಬೋಧನೆಯಲ್ಲಿ ತೊಡಗಿದ್ದರು.

ಅನಂತರ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ನಡೆಸಿ, 1895ರಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು. ಅಲ್ಲಿಯ ಪ್ರಾಧ್ಯಾಪಕ ಮೈಕೇಲ್ ಪ್ಯೂಪಿನ್ ಅವರು ಸಾಲವಾಗಿ ಕೊಟ್ಟ ಹಣದ ಬಲದಿಂದ ಮಿಲಿಕನ್ನರು ಜರ್ಮನಿಗೆ ತೆರಳಿ ಬರ್ಲಿನ್ ಮತ್ತು ಗಟಿಂಗೆನ್ ನಗರಗಳಲ್ಲಿ ಹೆಚ್ಚಿನ ಶಿಕ್ಷಣ ಪಡೆದರು. ಅವರು ಅಲ್ಲಿದ್ದಾಗಲೇ ರಾಂಟ್ಜೆನ್ನರ ಕ್ಷ-ಕಿರಣಗಳ ಸುದ್ದಿಯು ಜಗತ್ತನ್ನು ಬೆರಗುಗೊಳಿಸಿತು. ಅದೇ ಕಿರಣಗಳು ಮುಂದೆ ತಮ್ಮ ಕೈಯಲ್ಲಿ ಸಾಧನವಾಗುವುವೆಂದು ಆ ತರುಣರು ಊಹಿಸಿರಲಾರರು. 1896ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದಿಂದ ಸುಪ್ರಸಿದ್ಧ ವಿಜ್ಞಾನಿ ಮೈಕೆಲ್‌ಸನ್ನರ ಕರೆ ಬಂದಿತು. ಮಿಲಿಕನ್ನರು ಅಲ್ಲಿ ಸಹಾಯಕರಾಗಿ ಸೇರಿದರು. 1902ರಲ್ಲಿ ಗ್ರೆಟಾ ಬ್ಲಾಂಚರ್ಡ್ ಎಂಬುವರನ್ನು ವಿವಾಹವಾದರು. ಆ ದಂಪತಿಗಳಿಗೆ ಮೂವರು ಗಂಡುಮಕ್ಕಳಾದರು.

ಚಿಕಾಗೋದಲ್ಲಿ ಅವರ ಮೊದಲ ಹತ್ತು ಹನ್ನೆರಡು ವರ್ಷಗಳು ಮುಖ್ಯವಾಗಿ ಅಧ್ಯಾಪನಕ್ಕೇ ಸಂದುವು. ವಿದ್ಯಾರ್ಥಿಗಳು ಉಪನ್ಯಾಸ ಕೇಳಿ ಬರೆದುಕೊಂಡರೆ ಸಾಲದು, ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅವರ ನಿಲುವು. ಅದಕ್ಕೆ ತಕ್ಕ ಪುಸ್ತಕಗಳಿಲ್ಲದಿರಲು ತಾವೇ ಬರೆದರು. 1906ರಲ್ಲಿ ಹೆನ್ರಿ ಗೇಲ್ ಅವರೊಡಗೂಡಿ ರಚಿಸಿದ ಪ್ರೌಢಶಾಲಾ ಭೌತವಿಜ್ಞಾನ ಪಠ್ಯವು ಅಮೆರಿಕದಲ್ಲೆಲ್ಲ ಬಳಕೆಗೆ ಬಂದಿತು. ಆದರೆ ವಿಶ್ವವಿದ್ಯಾನಿಲಯದಲ್ಲಿ ಮೇಲಿನ ಸ್ಥಾನವು ದೊರೆಯುತ್ತಿದ್ದುದು ಸ್ವತಂತ್ರ ಸಂಶೋಧನೆಗೆ. ನಲವತ್ತನೆಯ ವಯಸ್ಸು ಸಮೀಪಿಸಿದರೂ ಹೆಸರು ನಿಲ್ಲುವಂತಹ ಶೋಧವೊಂದೂ ತಮ್ಮಿಂದ ಆಗಲಿಲ್ಲವೆಂಬ ಚಿಂತೆ ಅವರನ್ನು ಬಾಧಿಸುತ್ತಿತ್ತು. ಇತರ ವಿಜ್ಞಾನಿಗಳು ತಮ್ಮ ಶ್ರೇಷ್ಠ ಕಾರ್ಯವನ್ನು ಮುಗಿಸಿಬಿಡುವ ವಯಸ್ಸಿನಲ್ಲಿ ಅವರು ಆರಂಭಿಸಿದರು. ಆರಿಸಿಕೊಂಡ ಸಮಸ್ಯೆಯಾದರೋ ಅತ್ಯಂತ ಕಠಿನವಾದುದು: ವಿದ್ಯುತ್ತಿನ ಮೂಲಮಾನವನ್ನು ಅಳೆಯುವುದು.

ಈ ಸಮಸ್ಯೆಯ ಪೂರ್ವಕಥೆಯನ್ನು ಸ್ವಲ್ಪ ತಿಳಿಯಬೇಕು. ಶುಷ್ಕವಾದ ಗಾಳಿಯು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಕ್ಷ-ಕಿರಣಗಳಾಗಲಿ ರೇಡಿಯಮ್ಮಿನಿಂದ ಹೊಮ್ಮುವ ಕಿರಣಗಳಾಗಲಿ ಹಾದುಹೋದೊಡನೆ ಅದೇ ಗಾಳಿಯು ವಾಹಕವಾಗುತ್ತದೆ. ಕಿರಣದ ಆಘಾತಕ್ಕೆ ಗಾಳಿಯ ಅಣುವಿನಿಂದ ಎಲೆಕ್ಟ್ರಾನು ಸಿಡಿದುಹೋಗಿ, ಅಣುವು ಧನಾವೇಶವುಳ್ಳದ್ದಾಗುತ್ತದೆ. ಸಿಡಿದ ಎಲೆಕ್ಟ್ರಾನು ಬೇರೊಂದು ಅಣುವಿಗೆ ಅಂಟಿ ಅದಕ್ಕೆ ಋಣಾವೇಶವನ್ನು ತರುತ್ತದೆ. ಹೀಗೆ ಆವೇಶ ಪಡೆದ ಕಣಗಳಿಗೆ ಅಯಾನುಗಳೆಂದು ಹೆಸರು. ಒಂದು ಅಯಾನು ಹೊತ್ತಿರುವ ಆವೇಶವೆಷ್ಟು? ಇದೇ ಪ್ರಶ್ನೆ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಟೌನ್‌ಸೆಂಡರು 1897ರಲ್ಲಿಯೂ, ಜೆ.ಜೆ. ಥಾಮ್ಸನ್ನರು 1898ರಲ್ಲಿಯೂ, ಎಚ್.ಎ. ವಿಲ್ಸನ್ನರು 1903ರಲ್ಲಿಯೂ ಇದನ್ನು ಅಳೆಯಲು ಯತ್ನಿಸಿದರು.

ಅವರ ಉಪಾಯವು ಚಮತ್ಕಾರವಾದುದು. ಬೆಳಗಿನ ಜಾವದಲ್ಲಿ ಹುಲ್ಲಿನ ತುದಿಯನ್ನು ಆಶ್ರಯಿಸಿ ಇಬ್ಬನಿಯು ಹನಿಗಟ್ಟುವಂತೆ, ತೇವವಾದ ಗಾಳಿಯನ್ನು ಥಟ್ಟನೆ ಹಿಗ್ಗಿಸಿ ತಣಿಸಿದರೆ ಅದರಲ್ಲಿನ ಆವಿಯು ಅಯಾನುಗಳನ್ನು ಆಶ್ರಯಿಸಿ ಹನಿಗಟ್ಟುತ್ತದೆ. ಪಾತ್ರೆಯಲ್ಲಿ ಪುಟ್ಟ ಮೋಡವೊಂದು ಮೂಡುತ್ತದೆ. ಆ ಮೋಡವು ಕೆಳಗಿಳಿಯುವ ವೇಗದಿಂದ ಒಂದು ಹನಿಯ ಗಾತ್ರವನ್ನೂ, ಒಟ್ಟು ನೀರಿನ ತೂಕದಿಂದ ಹನಿಗಳ ಸಂಖ್ಯೆಯನ್ನೂ ಗಣಿಸಿ, ಒಟ್ಟು ಆವೇಶವನ್ನು ಆ ಸಂಖ್ಯೆಯಿಂದ ಭಾಗಿಸುವುದು ಒಂದು ಕ್ರಮ. ಮೋಡವನ್ನು ಎರಡು ಲೋಹಫಲಕಗಳ ನಡುವೆ ಇಳಿಯಬಿಟ್ಟು, ವಿದ್ಯುತ್ತಿನ ಸೆಳೆತವಿದ್ದಾಗಲೂ ಇಲ್ಲದಾಗಲೂ ಅದರ ವೇಗವನ್ನು ಹೋಲಿಸುವುದು ವಿಲ್ಸನ್ನರ ಕ್ರಮ. ಆದರೆ ಹನಿಗಳು ಇಳಿಯುತ್ತಿರುವಾಗಲೇ ಆವಿಯಾಗಿ ಕಿರಿದಾಗುತ್ತಿದ್ದುವು. ಮೋಡದ ಅಂಚು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದೊರೆತ ಅಂಕಿಗಳು ಒಂದಕ್ಕೊಂದು ಹೊಂದದೆ ಹೋದುವು. ಎಲ್ಲಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಮೋಡದಿಂದ ತಿಳಿಯುವುದು ಲಕ್ಷಾಂತರ ಹನಿಗಳ ಸರಾಸರಿ ಮಾತ್ರ. ಒಂದು ತರಗತಿಯ ಸರಾಸರಿ ಅಂಕವನ್ನು ನೋಡಿ, ಎಲ್ಲ ಮಕ್ಕಳೂ ಅಷ್ಟೇ ಅಂಕ ಪಡೆದರೆಂದು ಯಾವ ಉಪಾಧ್ಯಾಯನೂ ಹೇಳಲಾರನಷ್ಟೆ.

ಮಿಲಿಕನ್ನರು ಮೊದಲು ಲೂಯಿ ಬೆಗೆಮನ್ ಎಂಬ ವಿದ್ಯಾರ್ಥಿಯೊಡನೆ ವಿಲ್ಸನ್ನರ ಪ್ರಯೋಗವನ್ನೇ ಮತ್ತೆ ನಡೆಸಿದರು. ಹನಿಗಳು ಆವಿಯಾಗುವ ಬಗೆಯನ್ನು ತಿಳಿಯಲೋಸುಗ, ಬಲವಾದ ವಿದ್ಯುತ್ ಕೋಶಗಳ ನೆರವಿನಿಂದ ಇಡೀ ಮೋಡವನ್ನೇ ತೂಗುಹಾಕಿ ನಿಲ್ಲಿಸಬೇಕೆಂದು 1909ರಲ್ಲಿ ಯತ್ನಿಸಿದರು. ವಿದ್ಯುತ್ತನ್ನು ಹಾಯಿಸಿದೊಡನೆ ಮೋಡವು ಚದರಿ ಮಾಯವಾಯಿತು. ಮೊದಲ ನೋಟಕ್ಕೆ ಇದು ಸೋಲು. ಆದರೆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಲಾಗಿ, ಬೆರಳೆಣಿಕೆಯ ಹನಿಗಳು ಮಾತ್ರ ಬೆಳಕಿನಲ್ಲಿ ನಕ್ಷತ್ರಗಳಂತೆ ಮಿನುಗುತ್ತ ನಿಂತಲ್ಲಿಯೇ ನಿಂತಿದ್ದುವು. ಕೆಳಗೆಳೆಯುವ ಭಾರವೂ ಮೇಲೆಳೆಯುವ ವಿದ್ಯುತ್ತೂ ಅವುಗಳಲ್ಲಿ ಸರಿಸಮವಾಗಿದ್ದುವು. ಮೋಡದ ಹಂಗಿಲ್ಲದೆ ಒಂಟಿ ಹನಿಯೊಂದನ್ನೇ ಹಿಡಿದು ಅಳೆಯಬಹುದೆಂಬುದು ಆ ಕ್ಷಣದಲ್ಲಿ ಅವರಿಗೆ ಹೊಳೆಯಿತು. ಆ ವರ್ಷದ ಆಗಸ್ಟಿನಲ್ಲಿ ಕೆನಡಾದ ವಿನಿಪೆಗ್ಗಿನಲ್ಲಿ ಕೂಡಿದ ವಿದ್ವತ್ಸಭೆಯಲ್ಲಿ ಅವರು ಈ ನೀರಹನಿಗಳ ಫಲಿತವನ್ನು ಮಂಡಿಸಿದರು.

ನೀರು ಬೇಗನೆ ಆವಿಯಾಗುವುದರಿಂದ ಒಂದು ಹನಿಯನ್ನು ಒಂದು ನಿಮಿಷ ಹಿಡಿದಿಡುವುದೂ ಕಷ್ಟ. ಅದಕ್ಕೆ ಪ್ರತಿಯಾಗಿ, ಗಡಿಯಾರಕ್ಕೆ ಬಿಡುವಂತಹ, ಆವಿಯಾಗದ ಎಣ್ಣೆಯನ್ನು ಬಳಸುವ ಉಪಾಯವು ಬಂದಿತು. ಇದು ಯಾರಿಗೆ ಮೊದಲು ತೋಚಿತು ಎಂಬ ವಿಷಯದಲ್ಲಿ ಎರಡು ವೃತ್ತಾಂತಗಳುಂಟು. ವಿನಿಪೆಗ್ಗಿನಿಂದ ಹಿಂದಿರುಗುವಾಗ ರೈಲಿನಲ್ಲಿ ತಮಗೆ ಹೊಳೆಯಿತೆಂದು ಮಿಲಿಕನ್ನರು ತಮ್ಮ ಆತ್ಮಕಥೆಯಲ್ಲಿ ಬರೆದರು. ಸಂಶೋಧನ ವಿದ್ಯಾರ್ಥಿಯಾಗಿದ್ದ ಹಾರ್ವಿ ಫ್ಲೆಚರರ ಸ್ಮರಣೆಯಂತೆ, ನೀರಿಗೆ ಬದಲಾಗಿ ಪಾದರಸ, ಗ್ಲಿಸರಿನ್, ಎಣ್ಣೆ ಮೊದಲಾದುವನ್ನು ಪರೀಕ್ಷಿಸುವ ವಿಚಾರವು ಗುರುಶಿಷ್ಯರ ಮಾತುಕತೆಯಲ್ಲಿ ಮೂಡಿತು. ಮರುದಿನವೇ ತಾವು ಔಷಧದಂಗಡಿಯಿಂದ ಅತ್ತರನ್ನು ಸಿಂಪಡಿಸುವ ಬುರುಡೆಯನ್ನೂ ಎಣ್ಣೆಯನ್ನೂ ಕೊಂಡುತಂದು, ಕೈಗೆ ಸಿಕ್ಕಿದ ಸಾಮಗ್ರಿಯಿಂದಲೇ ಒಂದು ಯಂತ್ರವನ್ನು ಹೂಡಿ ಹನಿಗಳನ್ನು ಕಂಡರು. ಮಿಲಿಕನ್ನರು ಬಂದು ನೋಡಿ ಆನಂದಭರಿತರಾದರು.

ಯಂತ್ರದ ರಚನೆಯು ಸರಳವಾದುದೇ. ಎರಡು ಹಿತ್ತಾಳೆಯ ತಟ್ಟೆಗಳು ಒಂದರ ಮೇಲೊಂದು, ನಡುವೆ 16 ಮಿಲಿಮೀಟರು ಅಂತರ. ಮೇಲಿನ ತಟ್ಟೆಯಲ್ಲಿ ಸೂಜಿಮೊನೆಯಷ್ಟು ರಂಧ್ರ. ಸಿಂಪಡಿಸಿದ ಎಣ್ಣೆಯ ಹನಿಯೊಂದು ರಂಧ್ರದ ಮೂಲಕ ಒಳಗಿಳಿಯುತ್ತದೆ. ಅದರ ಗಾತ್ರವು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಸಿಂಪಡಿಸುವಾಗಿನ ಘರ್ಷಣೆಯಿಂದಲೇ ಅದಕ್ಕೆ ಸ್ವಲ್ಪ ಆವೇಶ ಬಂದಿರುತ್ತದೆ. ತಟ್ಟೆಗಳಿಗೆ ವಿದ್ಯುತ್ತನ್ನು ಕೊಡದಿದ್ದಾಗ ಹನಿಯು ತನ್ನ ಭಾರದಿಂದ ಮೆಲ್ಲಗೆ ಇಳಿಯುತ್ತದೆ. ಆ ವೇಗದಿಂದ ಅದರ ಗಾತ್ರವೂ ತೂಕವೂ ತಿಳಿಯುತ್ತವೆ. ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟಾಗ ಮೇಲಕ್ಕೇರುತ್ತದೆ. ಆ ವೇಗದಿಂದ ಆವೇಶವು ತಿಳಿಯುತ್ತದೆ. ಕೆಳಗೆ ಬಿಡುವುದು, ಮೇಲಕ್ಕೆ ಎತ್ತುವುದು, ಕಾಲವನ್ನು ಗುರುತಿಸುವುದು. ಹೀಗೆ ಒಂದೇ ಹನಿಯನ್ನು ಗಂಟೆಗಟ್ಟಲೆ ಏರಿಳಿಸುತ್ತ ಕುಳಿತಿರುತ್ತಿದ್ದರು.

ವಿಕಿರಣದ ಪಾತ್ರವು ಬರುವುದು ಇಲ್ಲಿಯೇ. ತಟ್ಟೆಗಳ ನಡುವಣ ಗಾಳಿಯ ಮೇಲೆ ಕ್ಷ-ಕಿರಣಗಳನ್ನೋ ರೇಡಿಯಮ್ಮಿನ ಕಿರಣಗಳನ್ನೋ ಬಿಟ್ಟರೆ ಅಲ್ಲಿ ಅಯಾನುಗಳು ಹುಟ್ಟುತ್ತವೆ. ಒಮ್ಮೊಮ್ಮೆ ಹನಿಯು ಅಂತಹ ಅಯಾನೊಂದನ್ನು ಹಿಡಿದುಕೊಳ್ಳುತ್ತದೆ. ಒಡನೆಯೇ ಅದರ ವೇಗವು ಥಟ್ಟನೆ ಬದಲಾಗುತ್ತದೆ. ಹನಿಯ ತೂಕವು ಮೊದಲಿನಂತೆಯೇ ಇರುವುದರಿಂದ, ಈ ಬದಲಾವಣೆಯು ಆಗ ತಾನೇ ಬಂದು ಸೇರಿದ ಅಯಾನಿನ ಆವೇಶವನ್ನೇ ನೇರವಾಗಿ ಸೂಚಿಸುತ್ತದೆ. ಕಣ್ಣಿಗೆ ಎಂದೂ ಕಾಣಲಾರದ ಅಯಾನೊಂದು ಬಂದು ಕುಳಿತ ಗಳಿಗೆಯನ್ನು ಮನುಷ್ಯನು ಕಂಡಂತಾಯಿತು.

ಇಂತಹ ಅಳತೆಗಳನ್ನು ಒಂದೆಡೆ ಸೇರಿಸಿದಾಗ ಸತ್ಯವು ಹೊರಬಿದ್ದಿತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬೆಲ್ಲದ ಅಚ್ಚುಗಳನ್ನು ಬೇರೆಬೇರೆ ಸಂಖ್ಯೆಯಲ್ಲಿ ತುಂಬಿ ಬಾಯಿ ಹೊಲಿದ ಮೂಟೆಗಳಿವೆ ಎನ್ನೋಣ. ಮೂಟೆಯನ್ನು ಬಿಚ್ಚುವಂತಿಲ್ಲ, ತೂಗಬಹುದು. ತೂಕಗಳೆಲ್ಲವೂ ಒಂದೇ ಸಂಖ್ಯೆಯ ಅಪವರ್ತ್ಯಗಳಾಗಿ ಬಂದರೆ ಒಂದು ಅಚ್ಚಿನ ತೂಕವು ತಾನಾಗಿಯೇ ತಿಳಿಯುತ್ತದೆ. ಹನಿಗಳ ಆವೇಶವೂ ಹಾಗೆಯೇ ಒಂದು, ಎರಡು, ಮೂರು, ನಾಲ್ಕು ಎಂದು ಪೂರ್ಣಸಂಖ್ಯೆಗಳಲ್ಲಿ ಬಂದಿತೇ ಹೊರತು ಒಂದೂವರೆ, ಎರಡೂಕಾಲು ಎಂದು ಬರಲಿಲ್ಲ. ಅಷ್ಟೇ ಅಲ್ಲದೆ, ಘರ್ಷಣೆಯಿಂದ ಬಂದ ಆವೇಶಕ್ಕೂ ಕಿರಣಗಳು ಹುಟ್ಟಿಸಿದ ಅಯಾನುಗಳ ಆವೇಶಕ್ಕೂ ಮೂಲಮಾನವು ಒಂದೇ ಎಂಬುದು ಸಿದ್ಧವಾಯಿತು. ವಿದ್ಯುತ್ತು ಕಾಳುಕಾಳಾದುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ. 1913ರಲ್ಲಿ ಪ್ರಕಟವಾದ ಪ್ರೌಢಪ್ರಬಂಧದಲ್ಲಿ 58 ಹನಿಗಳ ಅಳತೆಯಿಂದ ಮಿಲಿಕನ್ನರು ನಿರ್ಣಯಿಸಿದ ಬೆಲೆಯು, ಇಂದು ಬಳಕೆಯಲ್ಲಿರುವ ಕೂಲಾಂ ಮಾನದಲ್ಲಿ ಹೇಳುವುದಾದರೆ, ಸುಮಾರು 1.592 × 10⁻¹⁹. ಅದೆಷ್ಟು ಸಣ್ಣದೆಂದರೆ, ನಮ್ಮ ಮನೆಯ ಅರವತ್ತು ವ್ಯಾಟಿನ ಹಳೆಯ ಬುರುಡೆ ದೀಪವೊಂದರಲ್ಲಿ ಒಂದು ಸೆಕೆಂಡಿಗೆ ಹಾಯುವ ಕಾಳುಗಳ ಸಂಖ್ಯೆ ಸುಮಾರು 16 ಸಾವಿರ ಕೋಟಿ ಕೋಟಿ.

ಈ ಒಂದು ಸಂಖ್ಯೆ ದೊರೆತದ್ದರಿಂದ ಪರಮಾಣುವಿನ ತೂಕವನ್ನೂ, ನಿಯತ ಪ್ರಮಾಣದ ವಸ್ತುವಿನಲ್ಲಿರುವ ಅಣುಗಳ ಸಂಖ್ಯೆಯನ್ನೂ ಖಚಿತವಾಗಿ ಗಣಿಸಲು ಸಾಧ್ಯವಾಯಿತು. ವಿಯೆನ್ನದ ಎರೆನ್‌ಹಾಫ್ಟ್ ಎಂಬ ವಿಜ್ಞಾನಿಯು ಎಲೆಕ್ಟ್ರಾನಿಗಿಂತ ಕಿರಿದಾದ ಆವೇಶಗಳನ್ನು ತಾವು ಕಂಡುದಾಗಿ ವರ್ಷಗಟ್ಟಲೆ ವಾದಿಸಿದರೂ ವಿದ್ವತ್ಪ್ರಪಂಚವು ಮಿಲಿಕನ್ನರ ಪಕ್ಷವನ್ನೇ ಅಂಗೀಕರಿಸಿತು. ಮಿಲಿಕನ್ನರು ಅಲ್ಲಿಗೆ ನಿಲ್ಲದೆ, ಬೆಳಕು ಲೋಹದ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಹೊಮ್ಮುವ ವಿಷಯದಲ್ಲಿ ಐನ್‌ಸ್ಟೈನರು ಬರೆದ ಸಮೀಕರಣವನ್ನು ಪ್ರಯೋಗದಿಂದ ಪರೀಕ್ಷಿಸಿದರು. ಅದು ತಪ್ಪೆಂದು ತೋರಿಸುವ ನಿರೀಕ್ಷೆಯಿಂದ ಆರಂಭಿಸಿ, ಅದು ಸರಿಯೆಂದು 1916ರಲ್ಲಿ ಪ್ರಕಟಿಸಿದ ಪ್ರಾಮಾಣಿಕತೆ ಅವರದು. ಈ ಎರಡು ಕಾರ್ಯಗಳಿಗಾಗಿ 1923ರ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ಅಮೆರಿಕದಲ್ಲಿಯೇ ಹುಟ್ಟಿ ಭೌತವಿಜ್ಞಾನದಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಇಷ್ಟನ್ನೇ ಹೇಳಿ ಮುಗಿಸಿದರೆ ಚರಿತ್ರೆಯು ಅರ್ಧವಾದೀತು. ಮೊದಲನೆಯದಾಗಿ ಶಿಷ್ಯನ ವಿಷಯ. ತಾವೂ ಫ್ಲೆಚರರೂ 1909ರ ಡಿಸೆಂಬರಿನಿಂದ ಕೂಡಿ ದುಡಿದುದನ್ನು ಮಿಲಿಕನ್ನರು ತಮ್ಮ ಪ್ರಬಂಧದ ಒಡಲಿನಲ್ಲಿ ಸ್ಮರಿಸಿದ್ದಾರೆ. ಆದರೆ ಪ್ರಬಂಧದ ನೆತ್ತಿಯ ಮೇಲೆ ಕರ್ತೃವಾಗಿ ನಿಂತದ್ದು ಗುರುವಿನ ಹೆಸರೊಂದೇ. ಡಾಕ್ಟರೇಟ್ ಪದವಿಗೆ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಮಾತ್ರ ಇರುವ ಪ್ರಬಂಧವು ಅವಶ್ಯಕವಾಗಿದ್ದುದರಿಂದ, ಎಣ್ಣೆಹನಿಯ ಮುಖ್ಯ ಪ್ರಬಂಧವು ತಮಗೂ, ಅನಿಲದಲ್ಲಿ ಕಣಗಳು ತುಯ್ದಾಡುವ ಚಲನೆಯನ್ನು ಕುರಿತದ್ದು ಫ್ಲೆಚರರಿಗೂ ಇರಲೆಂದು ಮಿಲಿಕನ್ನರು ಶಿಷ್ಯನ ಮನೆಗೇ ಹೋಗಿ ಸೂಚಿಸಿದರಂತೆ. ಮೊದಲನೆಯದೇ ಜಗತ್ಪ್ರಸಿದ್ಧವಾಗುವುದೆಂದು ಬಲ್ಲ ಶಿಷ್ಯನಿಗೆ ನೋವಾಯಿತು, ಆದರೂ ಒಪ್ಪಿದರು. 1911ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದ ಫ್ಲೆಚರರು ಮುಂದೆ ಬೆಲ್ ಪ್ರಯೋಗಶಾಲೆಯಲ್ಲಿ ಮಾತು ಮತ್ತು ಶ್ರವಣಗಳ ವಿಜ್ಞಾನದಲ್ಲಿ ಅಗ್ರಗಣ್ಯರಾದರು. ಈ ಸಂಗತಿಯನ್ನು ಬರೆದಿಟ್ಟು, ತಮ್ಮ ಮರಣಾನಂತರವೇ ಪ್ರಕಟಿಸತಕ್ಕದ್ದೆಂದು ಮಿತ್ರರೊಬ್ಬರಿಗೆ ಒಪ್ಪಿಸಿದ್ದರು. 1981ರಲ್ಲಿ ಅವರು ತೀರಿಕೊಂಡ ಮೇಲೆ 1982ರಲ್ಲಿ ಅದು ಬೆಳಕಿಗೆ ಬಂದಿತು. ಅದರಲ್ಲಿ ಗುರುನಿಂದೆಯಿಲ್ಲ; ಕೃತಜ್ಞತೆಯೇ ಇದೆ. ಹಾಗಿರುವುದರಿಂದಲೇ ಅದನ್ನು ಓದಿದವರ ಮನಸ್ಸು ಕಲಕುತ್ತದೆ.

ಎರಡನೆಯದು ಹನಿಗಳ ಆಯ್ಕೆ. 1913ರ ಪ್ರಬಂಧದಲ್ಲಿ, ಆ 58 ಹನಿಗಳು ಆರಿಸಿ ತೆಗೆದುವಲ್ಲವೆಂದೂ, 60 ದಿನಗಳ ಅವಧಿಯಲ್ಲಿ ಪ್ರಯೋಗಕ್ಕೊಳಪಟ್ಟವೆಲ್ಲವೂ ಅವೇ ಎಂದೂ ಹೇಳಲಾಗಿತ್ತು. ಮುಂದೆ ಅವರ ಪ್ರಯೋಗಶಾಲೆಯ ಪುಸ್ತಕಗಳನ್ನು ಪರಿಶೀಲಿಸಿದ ವಿದ್ವಾಂಸರು, ಅವುಗಳಲ್ಲಿ ನೂರಕ್ಕೂ ಮಿಗಿಲಾದ ಹನಿಗಳ ಲೆಕ್ಕವಿರುವುದನ್ನು ಕಂಡರು. ಕೈಬಿಟ್ಟ ಹನಿಗಳನ್ನು ಸೇರಿಸಿಕೊಂಡರೂ ಫಲಿತವು ಹೆಚ್ಚು ಬದಲಾಗುವುದಿಲ್ಲವೆಂದೂ, ದೋಷದ ಮಿತಿಯು ಮಾತ್ರ ಸ್ವಲ್ಪ ಹಿಗ್ಗುವುದೆಂದೂ ಪುನರ್ಗಣನೆಯಿಂದ ತಿಳಿದುಬಂದಿತು. ಫಲಿತವು ಸರಿಯಾಗಿತ್ತು, ಅದರ ಬಗ್ಗೆ ಆಡಿದ ಮಾತು ಸರಿಯಾಗಿರಲಿಲ್ಲ. ಮಕ್ಕಳಿಗೆ ಪ್ರಯೋಗದ ಪುಸ್ತಕ ಬರೆಯಲು ಕಲಿಸುವ ಶಿಕ್ಷಕರು ಈ ಭೇದವನ್ನು ಗಮನಿಸಬೇಕು.

ಮೂರನೆಯದು ಬೆಲೆಯ ವಿಷಯ. ಇಂದು ಅಂಗೀಕೃತವಾದ ಬೆಲೆಗಿಂತ ಮಿಲಿಕನ್ನರದು ನೂರಕ್ಕೆ ಸುಮಾರು 0.6ರಷ್ಟು ಕಡಮೆ. ತಪ್ಪು ಅವರ ಕಣ್ಣಿನದೂ ಅಲ್ಲ, ಹನಿಗಳದೂ ಅಲ್ಲ. ಹನಿಯು ಇಳಿಯುವಾಗ ಗಾಳಿಯು ಒಡ್ಡುವ ತಡೆಯನ್ನು ಗಣಿಸಲು ಬಳಸಿದ ಗಾಳಿಯ ಸ್ನಿಗ್ಧತೆಯ ಅಂಕಿಯು ತುಸು ತಪ್ಪಾಗಿದ್ದಿತು. 1930ರ ದಶಕದಲ್ಲಿ ಸ್ಫಟಿಕಗಳ ಮೂಲಕ ಕ್ಷ-ಕಿರಣಗಳನ್ನು ಅಳೆಯುವ ಬೇರೊಂದು ಮಾರ್ಗದಿಂದ ಬಂದ ಬೆಲೆಯು ಇದಕ್ಕೆ ಹೊಂದದಿರಲು, ಸ್ನಿಗ್ಧತೆಯನ್ನು ಮತ್ತೆ ಅಳೆದರು, ದೋಷವು ಸಿಕ್ಕಿತು.

1921ರಲ್ಲಿ ಮಿಲಿಕನ್ನರು ಕ್ಯಾಲಿಫೋರ್ನಿಯದ ಪಸಡೀನ ನಗರದ ತಾಂತ್ರಿಕ ವಿದ್ಯಾಸಂಸ್ಥೆಯ ಆಡಳಿತವನ್ನು ವಹಿಸಿಕೊಂಡು, 1945ರವರೆಗೆ ಅದನ್ನು ನಡೆಸಿದರು. ಶ್ರೀಮಂತರ ಮನಸ್ಸನ್ನು ವಿದ್ಯೆಯ ಕಡೆಗೆ ಒಲಿಸಿ ದ್ರವ್ಯವನ್ನು ಸಂಗ್ರಹಿಸುವುದರಲ್ಲಿ ಅವರು ನಿಪುಣರು. ಸಣ್ಣದಾಗಿದ್ದ ಆ ಸಂಸ್ಥೆಯು ಅವರ ಕಾಲದಲ್ಲಿ ಲೋಕಪ್ರಸಿದ್ಧವಾಯಿತು. 1924ರಲ್ಲಿ ನಮ್ಮ ಚಂದ್ರಶೇಖರ ವೆಂಕಟರಾಮನ್ನರು ಅವರ ಆಹ್ವಾನದ ಮೇರೆಗೆ ಅಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದುದುಂಟು.

ಆ ಕಾಲಕ್ಕೆ ಮಿಲಿಕನ್ನರ ಗಮನವು ಇನ್ನೊಂದು ಬಗೆಯ ವಿಕಿರಣದ ಮೇಲೆ ನೆಟ್ಟಿತ್ತು. ಕ್ಷ-ಕಿರಣವೂ ರೇಡಿಯಮ್ಮೂ ಹತ್ತಿರದಲ್ಲಿಲ್ಲದಿದ್ದರೂ, ಮುಚ್ಚಿದ ಪಾತ್ರೆಯೊಳಗಿನ ಗಾಳಿಯಲ್ಲಿ ಅಯಾನುಗಳು ಹುಟ್ಟುತ್ತಲೇ ಇರುತ್ತವೆ. 1912ರಲ್ಲಿ ಆಸ್ಟ್ರಿಯದ ವಿಕ್ಟರ್ ಹೆಸ್ ಅವರು ಬಲೂನಿನಲ್ಲಿ ಮೇಲೇರಿ, ಎತ್ತರ ಹೆಚ್ಚಿದಂತೆಲ್ಲ ಇವುಗಳ ಸಂಖ್ಯೆಯೂ ಹೆಚ್ಚುವುದನ್ನು ಕಂಡು, ಇದಕ್ಕೆ ಕಾರಣವಾದ ಕಿರಣಗಳು ಆಕಾಶದಿಂದ ಬರುವುವೆಂದು ಸಾರಿದರು. ಮಿಲಿಕನ್ನರು ಮೊದಲು ಸಂಶಯಪಟ್ಟು, ಅನಂತರ ಸ್ವತಃ ಪರೀಕ್ಷಿಸಿ ಒಪ್ಪಿ, 1925ರಲ್ಲಿ ಅವುಗಳಿಗೆ ವಿಶ್ವಕಿರಣಗಳೆಂಬ ಅರ್ಥದ ಹೆಸರನ್ನಿತ್ತರು. ಅವು ಬೆಳಕಿನ ಜಾತಿಯವೆಂಬುದು ಅವರ ಮತ. ಆವೇಶವುಳ್ಳ ಕಣಗಳೆಂಬುದು ಆರ್ಥರ್ ಕಾಂಪ್ಟನ್ನರ ಮತ. ಕಣಗಳೇ ಆಗಿದ್ದರೆ ಭೂಮಿಯ ಅಯಸ್ಕಾಂತಶಕ್ತಿಯು ಅವುಗಳನ್ನು ಬಾಗಿಸಿ, ಅಯಸ್ಕಾಂತ ವಿಷುವದ್ವೃತ್ತದ ಬಳಿ ಬರುವ ಕಿರಣಗಳನ್ನು ಕಡಮೆ ಮಾಡಬೇಕು. ಕಾಂಪ್ಟನ್ನರು 1932ರಲ್ಲಿ ಜಗತ್ತಿನ ನಾನಾ ಕಡೆ ಅಳೆಯಿಸಿ ಹಾಗೆಯೇ ಇದೆಯೆಂದು ತೋರಿಸಿದರು. ಮಿಲಿಕನ್ನರು ಕೆಲಕಾಲ ಪ್ರತಿಭಟಿಸಿ, ಕಡೆಗೆ ಈ ಭೇದವನ್ನು ಒಪ್ಪಬೇಕಾಯಿತು.

ದಕ್ಷಿಣ ಭಾರತವು ಆ ಅಯಸ್ಕಾಂತ ವಿಷುವದ್ವೃತ್ತಕ್ಕೆ ಅತಿ ಸಮೀಪದಲ್ಲಿರುವುದೇ ಮಿಲಿಕನ್ನರು ಬೆಂಗಳೂರಿಗೆ ಬರಲು ಕಾರಣ. 1939–40ರ ಚಳಿಗಾಲದಲ್ಲಿ ವಿಕ್ಟರ್ ನೆಹರ್, ವಿಲಿಯಮ್ ಪಿಕರಿಂಗ್ ಎಂಬ ಸಹೋದ್ಯೋಗಿಗಳೊಡನೆ ಬಂದು, ಪೇಶಾವರ, ಆಗ್ರಾ, ಬೆಂಗಳೂರು ಈ ಮೂರು ಸ್ಥಳಗಳಿಂದ ಉಪಕರಣಗಳನ್ನು ಹೊತ್ತ ಬಲೂನುಗಳನ್ನು ಹಾರಿಸಿದರು. ಉತ್ತರದಿಂದ ದಕ್ಷಿಣಕ್ಕೆ ಬಂದಂತೆಲ್ಲ ಮೇಲಣ ವಾಯುಮಂಡಲದಲ್ಲಿ ಅಯಾನುಗಳ ಉತ್ಪತ್ತಿಯು ಎಷ್ಟು ಇಳಿಯುವುದೆಂದು ತಿಳಿಯುವುದೇ ಉದ್ದೇಶ. ಪರಮಾಣುಗಳು ನಾಶವಾಗಿ ಈ ಕಿರಣಗಳು ಹುಟ್ಟುವುವೆಂಬ ತಮ್ಮ ಊಹೆಯನ್ನು ಅವರು ಹೀಗೆ ಪರೀಕ್ಷಿಸಲೆಳಸಿದರು. ಆ ಊಹೆಯು ಕಾಲಾಂತರದಲ್ಲಿ ಬಿದ್ದುಹೋಯಿತು; ಅಳತೆಗಳು ಮಾತ್ರ ಉಳಿದುವು.

ಅದೇ ಸಮಯದಲ್ಲಿ, ಯುದ್ಧದ ಕಾರಣದಿಂದ ಇಂಗ್ಲೆಂಡಿಗೆ ಮರಳಲಾರದೆ ಇಲ್ಲಿಯೇ ಉಳಿದ ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ರಾಮನ್ನರು ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು. ಸರ್ ದೋರಾಬ್ಜಿ ಟಾಟಾ ದತ್ತಿಯ ನೆರವಿನಿಂದ ಭಾಭಾ ಅವರು ಅಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕವನ್ನು ಕಟ್ಟಿದರು. 1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂಬಯಿಗೆ ಸಾಗಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಅದೇ ಬೀಜ. ಆ ಸಂಸ್ಥೆಯನ್ನು ಸೇರಿದ, ಮೈಸೂರು ಸೀಮೆಯಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ನರು 1950ರ ದಶಕದಲ್ಲಿ ಕೋಲಾರದ ಗಣಿಗಳ ಆಳಕ್ಕಿಳಿದು ವಿಶ್ವಕಿರಣಗಳನ್ನು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿ ಬಂದ ನ್ಯೂಟ್ರಿನೋ ಎಂಬ ಕಣಗಳ ಗುರುತು ಸಿಕ್ಕಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬೆಳಗಿದ ಆ ಗಣಿಗಳು 2001ರಲ್ಲಿ ಮುಚ್ಚಿದುವು. ಅವುಗಳಿಗೆ ವಿಜ್ಞಾನ ಚರಿತ್ರೆಯಲ್ಲಿ ದೊರೆತ ಸ್ಥಾನವು ಅಳಿಯದು.

ಮಿಲಿಕನ್ನರು 1953ನೆಯ ಇಸವಿ ಡಿಸೆಂಬರ್ 19ರಂದು ಕ್ಯಾಲಿಫೋರ್ನಿಯದಲ್ಲಿ ನಿಧನ ಹೊಂದಿದರು.  ಮರಣಾನಂತರದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಗದ ಜನರಿಗೆ ಸಂತಾನವಾಗದಂತೆ ಬಲಾತ್ಕಾರದ ಶಸ್ತ್ರಚಿಕಿತ್ಸೆಯನ್ನು ಮಾಡಬೇಕೆಂದು ಪ್ರಚಾರ ಮಾಡುತ್ತಿದ್ದ ಸಂಸ್ಥೆಯೊಂದರ ಧರ್ಮದರ್ಶಿ ಮಂಡಲಿಯಲ್ಲಿ ಅವರು 1930ರ ದಶಕದ ಕೊನೆಯಿಂದ ಸದಸ್ಯರಾಗಿದ್ದರು. ಆ ಕಾರಣದಿಂದ ಅವರೇ ಬೆಳೆಸಿದ ವಿದ್ಯಾಸಂಸ್ಥೆಯು 2021ರಲ್ಲಿ ತನ್ನ ಗ್ರಂಥಾಲಯದ ಸೌಧದಿಂದ ಅವರ ಹೆಸರನ್ನು ತೆಗೆಯಲು ನಿರ್ಧರಿಸಿತು. ಹನಿಯ ಭಾರವನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವರು ಮನುಷ್ಯರ ಬೆಲೆಯನ್ನು ತೂಗುವಲ್ಲಿ ಎಡವಿದರು. ಜ್ಞಾನಿಯಾದವನು ಎಲ್ಲ ವಿಷಯದಲ್ಲಿಯೂ ವಿವೇಕಿಯಾಗಿರುವನೆಂಬ ಭರವಸೆಯಿಲ್ಲ.

2019ನೆಯ ಇಸವಿ ಮೇ 20ರಿಂದ ಎಲೆಕ್ಟ್ರಾನಿನ ಆವೇಶವು 1.602176634 × 10⁻¹⁹ ಕೂಲಾಂ ಎಂದು ಅಂತರರಾಷ್ಟ್ರೀಯ ಒಪ್ಪಂದದಿಂದ ಸ್ಥಿರವಾಗಿದೆ. ಇನ್ನು ಅದನ್ನು ಅಳೆಯಬೇಕಾದುದಿಲ್ಲ. ವಿದ್ಯುತ್ತಿನ ಇತರ ಅಳತೆಗಳೇ ಅದನ್ನು ಆಧರಿಸಿ ನಿಂತಿವೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಎಣ್ಣೆಹನಿಯ ಉಪಕರಣವನ್ನು ವಿದ್ಯಾರ್ಥಿಗಳು ಕಣ್ಣು ನೋಯುವಂತೆ ನೋಡಿ ಈ ಸಂಖ್ಯೆಯನ್ನು ತಾವೂ ಪಡೆಯಲು ಯತ್ನಿಸುವುದುಂಟು. ಅಂತಹ ಪ್ರಯೋಗಶಾಲೆಗೆ ಒಂದು ಯಂತ್ರವನ್ನು ಕೊಡಿಸುವ ದಾನಿಯು ಮಹತ್ಕಾರ್ಯವನ್ನೇ ಮಾಡುತ್ತಾನೆ. ಕಲಿಸುವ ಉಪಾಧ್ಯಾಯರು ನಲವತ್ತರ ವಯಸ್ಸಿನ ಮಿಲಿಕನ್ನರನ್ನು ನೆನೆದು ಧೈರ್ಯ ತಾಳಲಿ. ಪಾಠ ಹೇಳುವಾಗ ಮಿಲಿಕನ್ನರ ಹೆಸರಿನ ಪಕ್ಕದಲ್ಲಿ ಹಾರ್ವಿ ಫ್ಲೆಚರರ ಹೆಸರನ್ನೂ ತಪ್ಪದೆ ಹೇಳಲಿ.